ಹಗುರ ವಿಂಡ್‌ಚೀಟರ್: ಓಡುವವರು, ಸೈಕಲ್ ತುಳಿಯುವವರು, ನಡೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರು, ಕಬ್ಬನ್ ಪಾರ್ಕಿನಲ್ಲಿ ಓಡುವವರು, ಮುಳ್ಳಯ್ಯನಗಿರಿ ಹತ್ತುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಇಲ್ಲಿ ಮಾತಾಡುತ್ತಿರುವುದು ಒಂದೇ ಪದರದ, ಒಳಗೆ ಲೈನಿಂಗ್ ಇಲ್ಲದ, 60ರಿಂದ 150 ಗ್ರಾಂ ತೂಗುವ ಜಾಕೆಟ್ ಬಗ್ಗೆ. ಮಡಚಿದರೆ ಅಂಗೈಯಲ್ಲಿ ಹಿಡಿಯುತ್ತದೆ. ಜೇಬಿಗೆ ಹೋಗದ ಜಾಕೆಟ್ ಮನೆಯಲ್ಲೇ ಉಳಿದುಬಿಡುತ್ತದೆ, ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಅದಕ್ಕೇ ತೂಕದ ಮಾತು ಮೊದಲು.

ನಮ್ಮ ಕಡೆ ಅಂಥ ಚಳಿ ಎಲ್ಲಿದೆ? ಇದು ನಿಜವಾಗಿ ಬೇಕಾ?

ಸುಮ್ನೆ ನಿಂತಿರುವವರಿಗೆ ಬೇಕಿಲ್ಲ. ಬೆವರಿದ ಮೈಗೆ ಗಾಳಿ ಬಡಿಯುವಾಗ ಬೇಕು.

ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೆಳಗಿನ ಜಾವ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈ ಅಂಕಿ ನೋಡಿದರೆ ಜಾಕೆಟ್ ಯಾಕೆ ಅನ್ನಿಸುವುದು ಸಹಜ. ಈಗ ನಂದಿಯ ಲೆಕ್ಕ ಹಾಕಿ. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ, ಬುಡಕ್ಕಿಂತ ಸುಮಾರು 500 ಮೀಟರ್ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಹಾಗಾಗಿ ಮೇಲೆ ಮೂರು ಡಿಗ್ರಿ ಕಡಿಮೆ ಅಂತಿಟ್ಟುಕೊಳ್ಳಿ. ತುಳಿದು ಮೇಲೆ ತಲುಪುವಷ್ಟರಲ್ಲಿ ಜೆರ್ಸಿ ತೊಯ್ದು ಬೆನ್ನಿಗೆ ಅಂಟಿರುತ್ತದೆ. ಟೀ ಕುಡಿದು ಇಳಿಯಲು ಶುರು ಮಾಡುತ್ತೀರಿ. ಇಳಿಯುವಾಗ ತುಳಿಯುವ ಕೆಲಸವಿಲ್ಲ, ಮೈ ಬಿಸಿಯಾಗುವುದಿಲ್ಲ. ಎದೆಗೆ ಮಾತ್ರ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ.

ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, 10 ಡಿಗ್ರಿ ಚಳಿಯಲ್ಲಿ 40 ಕಿಮೀ ವೇಗದ ಗಾಳಿ ಬಡಿದರೆ ಚರ್ಮಕ್ಕೆ 6 ಡಿಗ್ರಿಯಂತೆ ಅನ್ನಿಸುತ್ತದೆ. 5 ಡಿಗ್ರಿಯಲ್ಲಾದರೆ ಸೊನ್ನೆಗಿಂತ ಕೆಳಗೆ. ಇದು ಒಣ ಮುಖಕ್ಕೆ ಹಾಕಿದ ಲೆಕ್ಕ. ಒದ್ದೆ ಜೆರ್ಸಿ ಹಾಕಿದ ಎದೆಗೆ ಇನ್ನೂ ಜಾಸ್ತಿ ಚಳಿ.

ಚಳಿಗಾಲ ಮಾತ್ರವಲ್ಲ, ಆಷಾಢದ ಗಾಳಿಯೂ ಇದೆಯಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬಯಲುಸೀಮೆಯಲ್ಲಿ ಬೀಸುವ ಪಶ್ಚಿಮದ ಗಾಳಿಗೆ ಎದುರಾಗಿ ಹೆದ್ದಾರಿಯಲ್ಲಿ ತುಳಿದವರಿಗೆ ಅದರ ಪೆಟ್ಟು ಗೊತ್ತು. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ, ಗದಗಿನ ಕಪ್ಪತಗುಡ್ಡದಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. ಇನ್ನು ಮಸಿನಗುಡಿಯಿಂದ ಕಲ್ಲಹಟ್ಟಿ ಘಾಟಿಯ 36 ತಿರುವು ಹತ್ತಿ 2,240 ಮೀಟರ್ ಎತ್ತರದ ಊಟಿ ಸೇರುವವರಿಗೆ ಒಂದೇ ಬೆಳಗಿನಲ್ಲಿ ಎರಡು ಹವಾಮಾನ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆಯಲ್ಲಿ ಭಾಗವಹಿಸುವವರ ಬೆನ್ನ ಜೇಬಿನಲ್ಲಿ ಈ ಜಾಕೆಟ್ ಇಣುಕುವುದು ಇದಕ್ಕೇ.

ಗಾಳಿ ತಾಕಿದ ಕೂಡಲೇ ಅಷ್ಟು ಚಳಿಯಾಗುವುದು ಯಾಕೆ?

ನಮ್ಮ ಚರ್ಮಕ್ಕೆ ಅಂಟಿಕೊಂಡಂತೆ ಬೆಚ್ಚಗಿನ ಗಾಳಿಯ ಒಂದು ತೆಳು ಪದರ ಇರುತ್ತದೆ. ಮೈ ಅದನ್ನು ಬಿಸಿ ಮಾಡಿಟ್ಟುಕೊಂಡಿರುತ್ತದೆ. ಗಾಳಿ ಬೀಸಿದರೆ ಆ ಪದರ ಹಾರಿಹೋಗಿ ಅಲ್ಲಿಗೆ ತಣ್ಣನೆಯ ಗಾಳಿ ಬರುತ್ತದೆ. ಮೈ ಮತ್ತೆ ಬಿಸಿ ಮಾಡಬೇಕು, ಅದೂ ಮತ್ತೆ ಹಾರಿಹೋಗುತ್ತದೆ.

ಇದರ ಮೇಲೆ ಬೆವರು. ಒಂದು ಲೀಟರ್ ಬೆವರು ಆರಲು ಸುಮಾರು 580 ಕಿಲೋ ಕ್ಯಾಲರಿ ಶಾಖ ಬೇಕು, ಅದು ಹೋಗುವುದು ನಿಮ್ಮ ಮೈಯಿಂದಲೇ. ತುಳಿಯುವಾಗ, ಓಡುವಾಗ ಇದೇ ನಮ್ಮನ್ನು ಕಾಪಾಡುತ್ತದೆ. ನಾವು ಖರ್ಚು ಮಾಡುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಪೆಡಲಿಗೆ ಹೋಗುತ್ತದೆ, ಉಳಿದ ಮುಕ್ಕಾಲು ಪಾಲು ಶಾಖ. ಏರು ಹತ್ತುವ ಮೈ ಉರಿಯುವ ಒಲೆ ಇದ್ದಂತೆ. ಇಳಿಜಾರಿನಲ್ಲಿ ಒಲೆ ಆರುತ್ತದೆ, ಆದರೆ ಒದ್ದೆ ಮಾತ್ರ ಉಳಿದಿರುತ್ತದೆ. ತೆಳುವಾದ ಒಂದು ಬಟ್ಟೆ ಅಡ್ಡ ಬಂದರೆ ಆ ಬೆಚ್ಚಗಿನ ಪದರ ಹಾರಿಹೋಗುವುದಿಲ್ಲ, ಬೆವರು ಆರುವ ವೇಗವೂ ತಗ್ಗುತ್ತದೆ. ಜಾಕೆಟ್ ಮಾಡುವ ಕೆಲಸ ಅಷ್ಟೇ. ಅದು ಶಾಖ ಕೊಡುವುದಿಲ್ಲ, ಇರುವ ಶಾಖ ಕಳೆದುಹೋಗದಂತೆ ತಡೆಯುತ್ತದೆ.

ಮನೆಯಲ್ಲಿ ಸ್ವೆಟರ್ ಇದೆ, ಸ್ಕೂಟರಿಗೆ ಹಾಕುವ ಜರ್ಕಿನ್ ಇದೆ. ಸಾಲದಾ?

ಸ್ವೆಟರ್ ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ಆದರೆ ಅದರ ಕಣ್ಣುಗಳು ದೊಡ್ಡವು, ಜೋರು ಗಾಳಿ ಬಂದರೆ ಸಲೀಸಾಗಿ ಒಳಗೆ ನುಗ್ಗುತ್ತದೆ. ಅದರ ಮೇಲೆ 80 ಗ್ರಾಂ ಜಾಕೆಟ್ ಹಾಕಿ ನೋಡಿ, ಅದೇ ಸ್ವೆಟರ್ ಎರಡು ಪಟ್ಟು ಬೆಚ್ಚಗಾದಂತೆ ಅನ್ನಿಸುತ್ತದೆ.

ಲೈನಿಂಗ್ ಇರುವ ಜರ್ಕಿನ್ ಸ್ಕೂಟರಿಗೆ ಸರಿ, ಅಲ್ಲಿ ಬೆವರಿಲ್ಲ. ಅದನ್ನೇ ಹಾಕಿಕೊಂಡು ಓಡಿದರೆ ಐದು ನಿಮಿಷದಲ್ಲಿ ಒಳಗೆಲ್ಲ ನೀರು. ಬಿಚ್ಚಿದರೆ ಇಡಲು ಜಾಗವಿಲ್ಲ, ಸೊಂಟಕ್ಕೆ ಕಟ್ಟಿಕೊಂಡು ಓಡಬೇಕು.

ಮಳೆಗೂ ಆಗುತ್ತಾ?

ಇಲ್ಲ. ತುಂತುರು ಹನಿಗೆ, ಮಂಜಿಗೆ ಹತ್ತು ಹದಿನೈದು ನಿಮಿಷ ತಡೆದುಕೊಳ್ಳುತ್ತದೆ. ಬಟ್ಟೆಯ ಮೇಲೆ ನೀರು ಹನಿಯಾಗಿ ಜಾರುವಂತೆ ಒಂದು ಲೇಪ ಹಾಕಿರುತ್ತಾರೆ, ಅಂಗಡಿಯಲ್ಲಿ ಅದಕ್ಕೆ ಡಿಡಬ್ಲ್ಯೂಆರ್ ಅನ್ನುತ್ತಾರೆ. ಬಟ್ಟೆಯ ಎಳೆಗಳ ನಡುವೆ ರಂಧ್ರಗಳಿವೆ, ಹೊಲಿಗೆಗೆ ಒಳಗಿನಿಂದ ಟೇಪ್ ಇರುವುದಿಲ್ಲ. ಮಲೆನಾಡಿನ ಜುಲೈ ಮಳೆಗೆ ಇದನ್ನು ನಂಬಿ ಹೊರಟರೆ ಭುಜದಿಂದ ಶುರುವಾಗಿ ಪೂರ್ತಿ ತೋಯುತ್ತೀರಿ.

ಆಲ್ಪ್ಸ್ ಪರ್ವತಗಳಲ್ಲಿ ಮಾಂಟ್ ಬ್ಲಾಂಕ್ ಶಿಖರದ ಸುತ್ತ ನಡೆಯುವ ಯುಟಿಎಂಬಿ ಓಟದಲ್ಲಿ ಟೋಪಿ ಇರುವ ಮಳೆ ಜಾಕೆಟ್ ಕಡ್ಡಾಯ. ಅದರ ಜಾಗದಲ್ಲಿ ವಿಂಡ್‌ಚೀಟರ್ ತೋರಿಸಿದರೆ ಒಪ್ಪುವುದಿಲ್ಲ. ಇವೆರಡೂ ಬೇರೆ ಬೇರೆ ವಸ್ತುಗಳು ಅನ್ನುವುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಹಾಗಾದರೆ ಮಳೆ ಜಾಕೆಟ್ ಒಂದನ್ನೇ ತಗೊಂಡರೆ ಗಾಳಿಗೂ ಮಳೆಗೂ ಆಯ್ತಲ್ವಾ?

ಮಳೆ ಜಾಕೆಟ್ ಗಾಳಿಯನ್ನು ಪೂರ್ತಿ ತಡೆಯುತ್ತದೆ ನಿಜ. ಹಾಗೆಯೇ ನಿಮ್ಮ ಬೆವರನ್ನೂ ಒಳಗೇ ಹಿಡಿಯುತ್ತದೆ. ಮಳೆಯಿಲ್ಲದ ದಿನ ಅದನ್ನು ಹಾಕಿ ಏರು ಹತ್ತಿದರೆ ಮಳೆಯಲ್ಲಿ ನೆನೆದಷ್ಟೇ ಒದ್ದೆಯಾಗುತ್ತೀರಿ, ಒಳಗಿನಿಂದ. ನಿಧಾನವಾಗಿ ನಡೆಯುವವರಿಗೆ ಒಂದರಲ್ಲೇ ನಡೆದೀತು. ಓಡುವವರಿಗೆ, ತುಳಿಯುವವರಿಗೆ ನಡೆಯುವುದಿಲ್ಲ.

‘ಪೂರ್ತಿ ವಿಂಡ್‌ಪ್ರೂಫ್’ ಅಂತ ಬರೆದಿರುವುದೇ ಒಳ್ಳೆಯದಲ್ವಾ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಗಾಳಿ ಒಂಚೂರೂ ಬರಬಾರದು ಅಂತ ಹುಡುಕುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ನಮ್ಮ ಹವಾಮಾನಕ್ಕೆ ಸ್ವಲ್ಪ ಗಾಳಿ ಬಿಡುವ ಜಾಕೆಟ್ಟೇ ಬೇಕು.

ಬಟ್ಟೆ ಎಷ್ಟು ಗಾಳಿ ಬಿಡುತ್ತದೆ ಎಂದು ಅಳೆಯುವುದಕ್ಕೆ ಸಿಎಫ್‌ಎಂ ಎಂಬ ಅಳತೆ ಇದೆ. ಒಂದು ಚದರ ಅಡಿ ಬಟ್ಟೆಯ ಮೂಲಕ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾಯುತ್ತದೆ ಎನ್ನುವ ಲೆಕ್ಕ ಅದು. 1ಕ್ಕಿಂತ ಕಡಿಮೆ ಇದ್ದರೆ ಗಾಳಿ ನುಗ್ಗುವುದೇ ಇಲ್ಲ ಅನ್ನಬಹುದು. ಸಾಮಾನ್ಯ ಫ್ಲೀಸ್ ಬಟ್ಟೆಯಲ್ಲಿ ಅದು ನೂರನ್ನು ಸುಲಭವಾಗಿ ದಾಟುತ್ತದೆ. ಓಟಕ್ಕೆ, ಚಾರಣಕ್ಕೆ 10ರಿಂದ 40ರ ನಡುವಿನದು ಚೆನ್ನಾಗಿ ಒಗ್ಗುತ್ತದೆ. ಗಾಳಿಯ ಪೆಟ್ಟು ತಗ್ಗುತ್ತದೆ, ಬೆವರಿನ ಆವಿಯೂ ಹೊರಗೆ ಹೋಗುತ್ತದೆ. ಉದ್ದದ ಘಾಟಿ ಇಳಿಯುವ ಸೈಕಲ್ ಸವಾರರಿಗೆ ಮಾತ್ರ ಇನ್ನೂ ಬಿಗಿ ಬಟ್ಟೆ ಸರಿ.

ಈ ಅಂಕಿಯನ್ನು ಎಲ್ಲ ಕಂಪನಿಗಳೂ ಬರೆಯುವುದಿಲ್ಲ. ಅಂಗಡಿಯಲ್ಲಿ ನೀವೇ ನೋಡಬಹುದು. ಬಟ್ಟೆಯನ್ನು ಒಂದೇ ಪದರ ಮಾಡಿ ಬಾಯಿಗೆ ಒತ್ತಿ ಹಿಡಿದು ಊದಿ. ಆಚೆ ಬದಿಯ ಅಂಗೈಗೆ ಉಸಿರು ಏನೇನೂ ತಾಕದಿದ್ದರೆ ಅದು ಪೂರ್ತಿ ಬಿಗಿ. ಕಷ್ಟಪಟ್ಟು ಊದಿದಾಗ ಸ್ವಲ್ಪ ತಾಕಿದರೆ ಓಟಕ್ಕೆ ತಕ್ಕದ್ದು. ಸರಾಗವಾಗಿ ಹಾದುಹೋದರೆ ಅದು ಬರೀ ತೆಳು ಶರಟು. ಅಂಗಡಿಯವರನ್ನು ಕೇಳಿಕೊಂಡು ಊದಿ, ಯಾರೂ ಬೇಡ ಅನ್ನುವುದಿಲ್ಲ.

ಇಷ್ಟು ತೆಳು ಬಟ್ಟೆ ಗಾಳಿ ಹೇಗೆ ತಡೆಯುತ್ತೆ? ಹರಿದುಹೋಗಲ್ವಾ?

ನೈಲಾನ್ ಅಥವಾ ಪಾಲಿಯೆಸ್ಟರಿನ ಬಹಳ ಸಣ್ಣ ಎಳೆಗಳನ್ನು ಒತ್ತೊತ್ತಾಗಿ ನೇಯುತ್ತಾರೆ. ಎಳೆಯ ಸಣ್ಣತನವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ: 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಶಾಲೆ ಬ್ಯಾಗಿನ ಬಟ್ಟೆ ನೂರಾರು ಡೆನಿಯರ್, ಈ ಜಾಕೆಟ್‌ಗಳದು 7ರಿಂದ 30. ನೇಯ್ದ ಮೇಲೆ ಬಿಸಿ ರೋಲರ್‌ಗಳ ನಡುವೆ ಒತ್ತಿ ತೆಗೆಯುತ್ತಾರೆ. ಎಳೆಗಳು ಚಪ್ಪಟೆಯಾಗಿ ಸಂದು ಮುಚ್ಚಿಕೊಳ್ಳುತ್ತವೆ. ಜಾಕೆಟ್ಟಿನ ಒಂದು ಬದಿ ಮಿರುಗುವುದು ಇದರಿಂದಲೇ.

ಬಟ್ಟೆಯ ಮೇಲೆ ಸಣ್ಣ ಸಣ್ಣ ಚೌಕಗಳು ಕಾಣುತ್ತವಲ್ಲ, ಅದು ರಿಪ್‌ಸ್ಟಾಪ್ ನೇಯ್ಗೆ. ಅಲ್ಲಲ್ಲಿ ದಪ್ಪ ಎಳೆ ಸೇರಿಸಿರುತ್ತಾರೆ. ಒಂದು ಕಡೆ ಹರಿದರೂ ಆ ದಪ್ಪ ಎಳೆಯ ಹತ್ತಿರ ನಿಲ್ಲುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟ್ ಬಟ್ಟೆಗೆಂದು ಬಂದ ನೇಯ್ಗೆ ಇದು. ಲಂಟಾನದ ಮುಳ್ಳು, ಕಾಫಿ ತೋಟದ ಬೇಲಿ ತಂತಿ ಇವಕ್ಕೆ ಹುಷಾರಾಗಿರಬೇಕು. ಕಾಡಿನೊಳಗೆ ನುಗ್ಗಿ ನಡೆಯುವವರು 20 ಡೆನಿಯರ್‌ಗಿಂತ ತೆಳುವಾದದ್ದು ಕೊಳ್ಳಬೇಡಿ. ಬೆಂಕಿಯ ಪಕ್ಕ ಹಾಕಿಕೊಂಡು ಕೂರಲೇಬೇಡಿ, ಒಂದು ಕಿಡಿ ಸಾಕು ತೂತಾಗಲು.

ಓಟಕ್ಕೊಂದು, ಸೈಕಲಿಗೊಂದು, ನಡಿಗೆಗೊಂದು ಬೇರೆ ಬೇರೆ ಬೇಕಾ?

ಬೇಡ, ಒಂದರಿಂದ ಶುರು ಮಾಡಿ. ನೀವು ಜಾಸ್ತಿ ಮಾಡುವುದು ಯಾವುದೋ ಅದಕ್ಕೆ ತಕ್ಕಂತೆ ಆರಿಸಿ.

ಸೈಕಲಿಗೆ ಬೆನ್ನು ಉದ್ದ ಇರಬೇಕು, ಬಾಗಿ ಕೂತಾಗ ಸೊಂಟ ತೆರೆದುಕೊಳ್ಳಬಾರದು. ತೋಳೂ ಉದ್ದ ಬೇಕು. ಮುಖ್ಯವಾಗಿ ಮೈಗೆ ಅಂಟಿಕೊಂಡಿರಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಪಟಪಟ ಹೊಡೆದುಕೊಳ್ಳುವ ಜಾಕೆಟ್ ಹಾಕಿದರೆ ಆ ಶಬ್ದಕ್ಕೇ ಅರ್ಧ ದಣಿವು. ಎರಡೂ ಕಡೆಯಿಂದ ತೆಗೆಯಬಹುದಾದ ಜಿಪ್ ಇದ್ದರೆ ಬೆನ್ನ ಜೇಬಿಗೆ ಕೈ ಹಾಕಲು ಸಲೀಸು.

ಓಟಕ್ಕೆ ತೂಕ ಕಡಿಮೆ ಇರಲಿ, ಕಂಕುಳಿನಲ್ಲಿ ಅಥವಾ ಬೆನ್ನಲ್ಲಿ ಗಾಳಿಗಂಡಿ ಇರಲಿ. ನಡಿಗೆಗೆ, ಚಾರಣಕ್ಕೆ ಟೋಪಿ ಇರುವುದನ್ನೇ ತೆಗೆದುಕೊಳ್ಳಿ. ಒಳಗೆ ಸ್ವೆಟರ್ ಹಿಡಿಯುವಷ್ಟು ಸಡಿಲ ಇರಲಿ. ಮುಳ್ಳಯ್ಯನಗಿರಿಯ ತುದಿಯಲ್ಲಿ, 1,900 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಮರವಿಲ್ಲ, ಮರೆಯಿಲ್ಲ. ದೇವಸ್ಥಾನದ ಗೋಡೆಯಾಚೆ ಬಂದರೆ ಕಿವಿಗೆ ಬಡಿಯುವ ಗಾಳಿಗೆ ಮಫ್ಲರ್ ಒಂದೇ ಸಾಲುವುದಿಲ್ಲ.

ಸೈಕಲ್ ಜಾಕೆಟ್ಟಿಗೂ ಟೋಪಿ ಇರಲಿ ಅನ್ನಿಸುತ್ತೆ.

ಬೇಡ. ಹೆಲ್ಮೆಟ್ ಹಿಂದೆ ಗಾಳಿ ತುಂಬಿಕೊಂಡು ಎಳೆಯುತ್ತದೆ, ತಿರುಗಿ ನೋಡುವಾಗ ಕಣ್ಣಿಗೆ ಅಡ್ಡ ಬರುತ್ತದೆ. ಕಾಲರ್ ಎತ್ತರ ಇದ್ದರೆ ಸಾಕು.

ತೋಳಿಲ್ಲದ ಜಾಕೆಟ್ ಹೇಗೆ?

ಬೆಂಗಳೂರು, ಮೈಸೂರಿನ ಬಹುಪಾಲು ಬೆಳಗುಗಳಿಗೆ ಅದೇ ಸಾಕು, ಅದೇ ಚೆನ್ನ. ಎದೆಗೆ ಗಾಳಿ ತಾಕುವುದಿಲ್ಲ, ಕಂಕುಳು ಬಿಚ್ಚಿಕೊಂಡಿರುವುದರಿಂದ ಬೆವರು ನಿಲ್ಲುವುದಿಲ್ಲ. ಊಟಿ, ಕೊಡೈಕೆನಾಲ್, ಹಿಮಾಲಯ ಅನ್ನುವವರಿಗೆ ತೋಳು ಬೇಕು.

ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು?

ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಅನ್ನಿಸದಿದ್ದರೆ ಜಾಸ್ತಿ ಬಟ್ಟೆ ಹಾಕಿದ್ದೀರಿ ಅಂತ ಅರ್ಥ, ಹತ್ತು ನಿಮಿಷದಲ್ಲಿ ಬೆವರು ಕಿತ್ತುಬರುತ್ತದೆ. ಏರು ಹತ್ತುವಾಗ ಜಾಕೆಟ್ ಜೇಬಿನಲ್ಲಿರಲಿ.

ಮೇಲೆ ತಲುಪಿದ ಕೂಡಲೇ ಹಾಕಿ. ಟೀ ಕುಡಿದ ಮೇಲೆ ಅಲ್ಲ, ಫೋಟೋ ಆದ ಮೇಲೆ ಅಲ್ಲ, ಸೈಕಲ್ಲಿನಿಂದ ಇಳಿದ ಕ್ಷಣಕ್ಕೇ. ಮೈಯಲ್ಲಿ ಬಿಸಿ ಇನ್ನೂ ಇರುವಾಗ ಹಾಕಿದರೆ ಅದು ಉಳಿಯುತ್ತದೆ. ನಡುಕ ಶುರುವಾದ ಮೇಲೆ ಹಾಕಿದರೆ ಹಿಡಿದಿಡಲು ಒಳಗೆ ಶಾಖವೇ ಇರುವುದಿಲ್ಲ. ಇಳಿಯುವಾಗ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೇ ಕಷ್ಟ, ನಂದಿಯ ತಿರುವುಗಳಲ್ಲಿ ಅದು ಅಪಾಯ. ಗಾಳಿ ಜಾಕೆಟ್ ಹಾಕಿದರೆ ಎದೆ ಬೆಚ್ಚಗಿರುತ್ತದೆ, ಎದೆ ಬೆಚ್ಚಗಿದ್ದರೆ ಕೈಬೆರಳಿಗೂ ರಕ್ತ ಹರಿಯುತ್ತದೆ.

ಜಾಕೆಟ್ ಮರೆತು ಬಂದಿದ್ದೇನೆ, ಏನು ಮಾಡಲಿ?

ಟೀ ಅಂಗಡಿಯಲ್ಲಿ ಹಳೆಯ ಪೇಪರ್ ಕೇಳಿ. ಎರಡು ಮೂರು ಹಾಳೆ ಮಡಚಿ ಜೆರ್ಸಿಯೊಳಗೆ, ಎದೆಯ ಮೇಲೆ ಇಟ್ಟುಕೊಂಡು ಜಿಪ್ ಎಳೆಯಿರಿ. ಟೂರ್ ಡಿ ಫ್ರಾನ್ಸ್ ಸವಾರರು ಆಲ್ಪ್ಸ್, ಪಿರನೀಸ್ ಪರ್ವತಗಳ ತುದಿಯಲ್ಲಿ ಜನರ ಕೈಯಿಂದ ಪತ್ರಿಕೆ ಇಸಿದುಕೊಂಡು ಹೀಗೇ ಎದೆಗೆ ತುರುಕಿ ಇಳಿಯುತ್ತಿದ್ದರು. ಇವತ್ತಿಗೂ ಇದು ಕೆಲಸ ಮಾಡುತ್ತದೆ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ಜೂನ್ ತಿಂಗಳಲ್ಲಿ, ಅಲ್ಲಿನ ಚಳಿಗಾಲದ ನಸುಕಿನಲ್ಲಿ ಶುರುವಾಗುತ್ತದೆ. ನಮ್ಮವರೂ ಹೋಗಿ ಓಡುವ ಆ ಓಟದಲ್ಲಿ ಅನೇಕರು ಕಸದ ಚೀಲಕ್ಕೆ ತಲೆ, ಕೈ ತೂರುವಷ್ಟು ತೂತು ಮಾಡಿ ಹಾಕಿಕೊಂಡು ನಿಲ್ಲುತ್ತಾರೆ, ಮೈ ಬಿಸಿಯಾದ ಮೇಲೆ ತೆಗೆಯುತ್ತಾರೆ. ಹೀಗೆ ಬಳಸಿದರೆ ಚೀಲವನ್ನು ದಾರಿಗೆ ಬಿಸಾಡದೆ ಕಸದ ಬುಟ್ಟಿಗೇ ಹಾಕಿ.

ಯಾವ ಬಣ್ಣ?

ನಸುಕಿನಲ್ಲಿ ರಸ್ತೆಗಿಳಿಯುವವರಾದರೆ ಕಪ್ಪು, ಕಡುನೀಲಿ ಬೇಡವೇ ಬೇಡ. ಬಳ್ಳಾರಿ ರಸ್ತೆಯಲ್ಲಿ ಬೆಳಗಿನ ಜಾವ ಹೋಗುವ ಕಾರುಗಳ ವೇಗ ನಿಮಗೇ ಗೊತ್ತು. ಗಾಢ ಹಳದಿ, ಕಿತ್ತಳೆ ಹಗಲಿಗೆ ಸರಿ. ಕತ್ತಲಲ್ಲಿ ಬಣ್ಣಕ್ಕಿಂತ ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ ಮುಖ್ಯ. 200, 300, 400, 600 ಕಿಲೋಮೀಟರಿನ ಬಿಆರ್‌ಎಂ ಎಂಬ ದೂರದ ಸೈಕಲ್ ಸವಾರಿಗಳಲ್ಲಿ ರಾತ್ರಿ ಹೊಳೆಯುವ ವೆಸ್ಟ್ ಕಡ್ಡಾಯ. ಅದನ್ನು ಜಾಕೆಟ್ ಮೇಲೆ ಹಾಕಬೇಕು, ಒಳಗಲ್ಲ.

ಎಷ್ಟು ದುಡ್ಡು ಹಾಕಬೇಕು?

ದೊಡ್ಡ ಕ್ರೀಡಾ ಅಂಗಡಿಗಳಲ್ಲಿ ಸಾವಿರದ ಆಸುಪಾಸಿನಿಂದ ಸಿಗುತ್ತವೆ, ವಿದೇಶಿ ಕಂಪನಿಗಳವು ಹತ್ತು ಸಾವಿರ ದಾಟುವುದೂ ಉಂಟು. ಬೆಲೆ ಏರಿದಂತೆ ತೂಕ ಇಳಿಯುತ್ತದೆ, ಜಿಪ್ ನಯವಾಗುತ್ತದೆ. ಗಾಳಿ ತಡೆಯುವುದು ಎಲ್ಲವೂ ತಡೆಯುತ್ತವೆ. ಮೊದಲ ಜಾಕೆಟ್ಟಿಗೆ ಎರಡು ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ.

ಲಡಾಖ್, ಹಿಮಾಲಯ ಟ್ರೆಕ್ಕಿಗೆ ಇದೊಂದೇ ಸಾಕಾ?

ಖಂಡಿತ ಸಾಲದು. ಆದರೆ ಇದಿಲ್ಲದೆಯೂ ಹೋಗಬಾರದು.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರಿನ ಬೆಟ್ಟದ ಓಟ ನಡೆಯಿತು. ಹಲವರು ಚಡ್ಡಿ, ಟೀ ಶರ್ಟಿನಲ್ಲೇ ಓಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎತ್ತರದ ಭಾಗದಲ್ಲಿ ಹವಾಮಾನ ಏಕಾಏಕಿ ಕೆಟ್ಟಿತು. ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ. 21 ಓಟಗಾರರು ಸತ್ತರು, ಅವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಕುರಿ ಕಾಯುವವರೊಬ್ಬರು ಆರು ಜನರನ್ನು ಗುಹೆಗೆ ಕರೆದೊಯ್ದು, ಬೆಂಕಿ ಹಾಕಿ ಉಳಿಸಿದರು. ಆ ಓಟದಲ್ಲಿ ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಇರಲಿಲ್ಲ, ತಂದರೆ ಒಳ್ಳೆಯದು ಎಂದು ಮಾತ್ರ ಹೇಳಿದ್ದರು. ಗಟ್ಟಿಮುಟ್ಟಾದ, ವರ್ಷಗಟ್ಟಲೆ ಓಡಿದ ಮೈ ಕೂಡ ಒದ್ದೆ ಮತ್ತು ಗಾಳಿಯ ಮುಂದೆ ಎಷ್ಟು ಬೇಗ ಸೋಲುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಎತ್ತರದ ಬೆಟ್ಟಕ್ಕೆ ಬೆಚ್ಚಗಿನ ಪದರ ಒಂದು, ಗಾಳಿ ಜಾಕೆಟ್ ಒಂದು, ನಿಜವಾದ ಮಳೆ ಜಾಕೆಟ್ ಒಂದು. ಮೂರೂ ಚೀಲದಲ್ಲಿರಬೇಕು. ಹಾಗೆಯೇ ಒಳಗೆ ಹತ್ತಿ ಬನಿಯನ್ ಬೇಡ, ಒದ್ದೆಯಾದರೆ ಬೇಗ ಆರುವುದೇ ಇಲ್ಲ.

ಅಪ್ಪನಿಗೆ ಎಪ್ಪತ್ತು ದಾಟಿದೆ, ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಅವರಿಗೆ ಕೊಡಿಸಬಹುದಾ?

ತುಂಬ ಒಳ್ಳೆಯ ಯೋಚನೆ. ವಯಸ್ಸಾದಂತೆ ಮೈ ಶಾಖ ಹುಟ್ಟಿಸುವುದು ಕಡಿಮೆಯಾಗುತ್ತದೆ, ಚಳಿ ಗೊತ್ತಾಗುವುದೂ ತಡ. ಅವರ ಸ್ವೆಟರ್, ಮಫ್ಲರ್ ಏನನ್ನೂ ಬಿಡಿಸಬೇಡಿ, ಅದರ ಮೇಲೆ ಹಾಕುವಷ್ಟು ದೊಡ್ಡ ಅಳತೆ ತನ್ನಿ. ಪೂರ್ತಿ ತೆರೆಯುವ ಜಿಪ್ ಇರಲಿ, ತಲೆಯ ಮೇಲಿಂದ ಎಳೆದು ಹಾಕುವ ನಮೂನೆ ಬೇಡ. ಜಿಪ್ಪಿನ ಹಿಡಿ ಚಿಕ್ಕದಿದ್ದರೆ ಬೆರಳಿಗೆ ಸಿಗುವಂತೆ ಒಂದು ದಾರ ಕಟ್ಟಿಕೊಡಿ.

ಅಮೆರಿಕದಲ್ಲಿದ್ದೇವೆ, ಇಲ್ಲಿಗೆ ಯಾವುದು?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಇರುವ ಕನ್ನಡಿಗರಿಗೆ ಇದು ಬೇಸಿಗೆಯ ಬಟ್ಟೆ. ಸ್ಯಾನ್ ಹೊಸೆಯಲ್ಲಿ ಬಿಸಿಲಿರುವ ಜುಲೈ ಮಧ್ಯಾಹ್ನವೇ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಮಂಜು, ಗಾಳಿ ಎರಡೂ ಇರುತ್ತವೆ. ಶಿಕಾಗೊ, ಟೊರಾಂಟೊ ಕಡೆಯವರಿಗೆ ವಸಂತ ಮತ್ತು ಶರತ್ಕಾಲದಲ್ಲಿ ಉಪಯೋಗ. ಹಿಮ ಬೀಳುವ ದಿನಗಳಿಗೆ ದಪ್ಪನೆಯದೇ ಬೇಕು.

ಒಗೆಯುವುದು ಹೇಗೆ?

ಕೈಯಲ್ಲಿ, ತಣ್ಣೀರಿನಲ್ಲಿ, ಸೌಮ್ಯ ಸೋಪಿನಲ್ಲಿ. ಕಲ್ಲಿಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ, ಹಿಂಡಬೇಡಿ. ಬಟ್ಟೆಗೆ ಪರಿಮಳ ಬರಲು ಕೊನೆಯಲ್ಲಿ ಹಾಕುವ ಕಂಡಿಷನರ್ ಬೇಡವೇ ಬೇಡ, ನೀರು ಜಾರಿಸುವ ಗುಣವನ್ನೇ ಅದು ಕೆಡಿಸುತ್ತದೆ. ನೆರಳಲ್ಲಿ ಒಣಗಿಸಿ, ನೈಲಾನ್ ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ. ನೀರು ಹನಿಗಟ್ಟದೆ ಬಟ್ಟೆಗೆ ಇಳಿಯುತ್ತಿದ್ದರೆ, ಒಳಗಿನ ಚೀಟಿಯಲ್ಲಿ ಇಸ್ತ್ರಿಗೆ ಅನುಮತಿ ಇದೆಯಾ ನೋಡಿ. ಇದ್ದರೆ ಮೇಲೊಂದು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಉಜ್ಜಿ, ಲೇಪ ಸ್ವಲ್ಪ ಮಟ್ಟಿಗೆ ಚೇತರಿಸುತ್ತದೆ.

ಬೆವರಿನ ಜಾಕೆಟ್ಟನ್ನು ಅದರ ಪುಟ್ಟ ಚೀಲದಲ್ಲೇ ವಾರಗಟ್ಟಲೆ ಬಿಡಬೇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಒಳಗೆ ಕೋಟಿಂಗ್ ಇರುವ ನಮೂನೆಗಳಲ್ಲಿ ಅದು ಅಂಟಂಟಾಗಿ ಕಿತ್ತುಬರುತ್ತದೆ. ಹ್ಯಾಂಗರಿಗೆ ನೇತುಹಾಕಿ.

ಆ ಲೇಪದಲ್ಲಿ ಕೆಟ್ಟ ರಾಸಾಯನಿಕ ಇದೆಯಂತೆ, ಹೌದಾ?

ಬಹಳ ವರ್ಷ ಇತ್ತು. ಪಿಎಫ್‌ಎಎಸ್ ಎಂಬ ಗುಂಪಿನ ರಾಸಾಯನಿಕಗಳವು, ಮಣ್ಣು ನೀರು ಸೇರಿದರೆ ಸುಲಭಕ್ಕೆ ನಾಶವಾಗುವುದಿಲ್ಲ. ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ, ಫ್ರಾನ್ಸ್ 2026ರ ಜನವರಿಯಿಂದ ಇಂಥ ಬಟ್ಟೆಗಳ ಮಾರಾಟಕ್ಕೆ ನಿರ್ಬಂಧ ಹಾಕಿವೆ. ಇವಿಲ್ಲದ ಲೇಪಗಳು ಈಗ ಸಾಕಷ್ಟು ಬಂದಿವೆ, ಚೀಟಿಯಲ್ಲಿ ‘ಪಿಎಫ್‌ಎಎಸ್ ರಹಿತ’ ಎಂದು ಇರುತ್ತದೆ. ಅವು ಎಣ್ಣೆ ಜಿಡ್ಡಿಗೆ ಬೇಗ ಸೋಲುತ್ತವೆ ನಿಜ. ಮಳೆಗಲ್ಲ, ಗಾಳಿಗೆ ಹಾಕುವ ಜಾಕೆಟ್ಟಿಗೆ ಅಷ್ಟು ಸಾಕು. ಅದನ್ನೇ ಕೊಳ್ಳಿ ಅನ್ನುವುದು ನನ್ನ ಮಾತು.

ಹರಿದಿದೆ. ಟೈಲರ್ ಹತ್ತಿರ ಕೊಡಲಾ?

ಸಣ್ಣ ತೂತಿಗೆ ಹೊಲಿಗೆ ಬೇಡ, ಸೂಜಿ ಇನ್ನಷ್ಟು ತೂತು ಮಾಡುತ್ತದೆ. ನೈಲಾನ್ ಬಟ್ಟೆಗೆಂದೇ ಸಿಗುವ ಅಂಟುಪಟ್ಟಿಯನ್ನು ಮೂಲೆ ದುಂಡಗೆ ಕತ್ತರಿಸಿ, ಒಳಗಿನಿಂದ ಒಂದು ಹೊರಗಿನಿಂದ ಒಂದು ಅಂಟಿಸಿ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ. ಹೊಲಿಗೆ ಬಿಟ್ಟಿದ್ದರೆ ಮಾತ್ರ ಟೈಲರಿಗೆ ಕೊಡಿ, ಎಲ್ಲಕ್ಕಿಂತ ಸಣ್ಣ ಸೂಜಿ, ಪಾಲಿಯೆಸ್ಟರ್ ದಾರ ಬಳಸಲು ಹೇಳಿ. ಜಿಪ್ ಕಚ್ಚುತ್ತಿಲ್ಲವೆಂದರೆ ಹಲ್ಲುಗಳು ಚೆನ್ನಾಗಿಯೇ ಇರುತ್ತವೆ, ಸವೆದಿರುವುದು ಎಳೆಯುವ ತುಂಡು. ಚಿಕ್ಕಪೇಟೆಯಂಥ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಅದೊಂದೇ ಸಿಗುತ್ತದೆ. ಹಳೆಯದನ್ನು ತೆಗೆದುಕೊಂಡು ಹೋಗಿ, ಅಳತೆ ನೋಡಿ ಕೊಡುತ್ತಾರೆ.